ಚಿನ್ನದ ಬಣ್ಣದ ಬಟ್ಟಲು

ನನ್ನ ತಂಗಿ ಹಿಲ್ಡಾಳ ರೆಕಾರ್ಡುಗಳನ್ನು ಕುದಿನೀರಿನಲ್ಲಿ ಅದ್ದಿ, ಬಗ್ಗಿಸಿ, ಹೂವಿನ ಬಟ್ಟಲು ಮಾಡಿದವಳು ನಾನು. ಒಂದೆರಡಲ್ಲ — ಪೆಟ್ಟಿಗೆಯಲ್ಲಿ ಎಷ್ಟಿದ್ದವೋ ಅಷ್ಟನ್ನೂ. ಐವತ್ತು ವರ್ಷ ಯಾರಿಗೂ ಹೇಳಲಿಲ್ಲ, ಪಾಪನಿವೇದನೆಯಲ್ಲಿ ಫಾದರ್‌ಗೂ ಇಲ್ಲ. ಸುಳ್ಳಾಡಿದ್ದೇನೆ ಎಂದದ್ದುಂಟು, ಯಾವ ಸುಳ್ಳು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಮಣಿಪಾಲದಲ್ಲಿ ಓದುತ್ತಿದ್ದ ಮೂವರು ಹುಡುಗರು, ನಡುವೆ ಹಾಡಲು ಹಿಲ್ಡಾ — ಅವರದೊಂದು ಬ್ಯಾಂಡು. ಉಡುಪಿಯ ಒಂದು ಅಕ್ಕಿಮಿಲ್ಲಿನ ಗೋದಾಮಿನಲ್ಲಿ ಅವರ ಪ್ರಾಕ್ಟೀಸು. ರಜೆಯಲ್ಲಿ ಬೊಂಬಾಯಿಗೆ ಹೋಗಿ ಎರಡು ಹಾಡಿನ ಪುಟ್ಟ ರೆಕಾರ್ಡು ಮಾಡಿಸಿ ತಂದರು. ಯಾರೂ ಕೊಳ್ಳಲಿಲ್ಲ. ಹುಡುಗರು ಓದು ಮುಗಿಸಿ ಚದುರಿದರು. ಪೆಟ್ಟಿಗೆ ಶಂಕರಪುರದ ನಮ್ಮ ಮನೆಯಲ್ಲಿ ಉಳಿಯಿತು. ನರ್ಸ್ ಕೆಲಸಕ್ಕೆ ಕುವೈತಿಗೆ ಹೊರಟ ದಿನ ಹಿಲ್ಡಾ ಹೇಳಿದ್ದು ಇಷ್ಟೇ: "ಅಕ್ಕ, ನನ್ನ ಪೆಟ್ಟಿಗೆ ನೋಡಿಕೋ."

ನಾನು ಇಗರ್ಜಿಯ ಕಾಯರ್‌ನಲ್ಲಿ ಸೋಲೋ ಹಾಡುವವಳು. ಡೀಸೆಂಟ್ ಸ್ವರ ಎಂದು ಎಲ್ಲರೂ ಹೇಳುತ್ತಿದ್ದರು. ಅವಳು ಹೋದ ಮೇಲೆ ಒಂದು ಮಧ್ಯಾಹ್ನ, ಒಬ್ಬಳೇ ಇದ್ದಾಗ, ಅವಳ ರೆಕಾರ್ಡು ಹಾಕಿ ಕೇಳಿದೆ. ಗಿಟಾರು ಕರಕರ, ಡ್ರಮ್ಮು ತಗಡು ಬಡಿದ ಹಾಗೆ, ಅದರ ನಡುವೆ ಹಿಲ್ಡಾ — ಯಾರ ಹೆದರಿಕೆಯೂ ಇಲ್ಲದೆ. ಕೆಟ್ಟದಾಗಿದ್ದರೆ ನಕ್ಕು ತೆಗೆದಿಡುತ್ತಿದ್ದೆ. ಕೆಟ್ಟದಾಗಿರಲಿಲ್ಲ. ನನಗೆ ಎಂದೂ ಬಾರದ್ದು ಅದರಲ್ಲಿ —

ಕಾನ್ವೆಂಟಿನ ನೀಡಲ್‌ವರ್ಕ್ ಪೀರಿಯಡ್‌ನಲ್ಲಿ ಸಿಸ್ಟರ್ ಒಬ್ಬರು ಕಲಿಸಿದ್ದರು: ಗೀರುಬಿದ್ದ ರೆಕಾರ್ಡನ್ನು ಕುದಿನೀರಿಗೆ ಅದ್ದಿ, ಮೆತ್ತಗಾದಾಗ ಬೋಗುಣಿಯ ಮೇಲೆ ಒತ್ತಿದರೆ ಅಂಚು ಲಂಗದ ನೆರಿಗೆಯಂತೆ ಏಳುತ್ತದೆ. ನಡುವಿನ ತೂತಿಗೆ ಮೇಣ, ಮೇಲೆ ಚಿನ್ನದ ಬಣ್ಣ. ವೆರಿ ನೀಟ್, ವೆರಿ ಲೇಡಿಲೈಕ್. ಗೀರುಬಿದ್ದದ್ದು ಎಂದು ಸಿಸ್ಟರ್ ಸ್ಪಷ್ಟವಾಗಿ ಹೇಳಿದ್ದರು. ಹಿಲ್ಡಾಳವಕ್ಕೆ ಒಂದು ಗೀರೂ ಇರಲಿಲ್ಲ.

ಬಟ್ಟಲುಗಳು ಇಗರ್ಜಿಯ ಹಬ್ಬದ ಸ್ಟಾಲಿಗೆ ಹೋದವು. ಎಲ್ಲರೂ ಹೊಗಳಿ ಕೊಂಡರು. ಕಾಗದದ ಕವರುಗಳು ಗುಜರಿಗೆ. ಒಂದು ಬಟ್ಟಲನ್ನು ನಾನೇ ಇಟ್ಟುಕೊಂಡೆ — ಯಾಕೆ ಎಂದು ಈಗಲೂ ಗೊತ್ತಿಲ್ಲ. ಮನೆಯ ಆಲ್ತಾರಿನ, ಪ್ರಾರ್ಥನೆಯ ಪೀಠದ, ಮುಂದೆ, ನೀರು ಹಾಕಿ, ಮಲ್ಲಿಗೆ ಇಡುತ್ತೇನೆ. ರಜೆಗೆ ಬಂದ ಹಿಲ್ಡಾಳಿಗೆ ಹೇಳಿದೆ: "ಅಟ್ಟದ ಸೆಕೆಗೆ ಎಲ್ಲ ಬಗ್ಗಿಹೋಯಿತು. ಬಿಸಾಡಿದೆ." ಅವಳು "ಹೋಗಲಿ ಬಿಡು" ಎಂದಳು.

ಈಗ ಅವಳು ಕಾಪುವಿನಲ್ಲಿದ್ದಾಳೆ, ಮಗಳ ಮನೆಯಲ್ಲಿ. ಗಂಟಲಿನ ಆಪರೇಷನ್ ಆದ ಮೇಲೆ ಸ್ವರ ಹೋಯಿತು, ಪಿಸುಮಾತು ಮಾತ್ರ. ಭಾನುವಾರ ಪೂಜೆ ಮುಗಿಸಿ ನನ್ನಲ್ಲಿಗೆ ಬರುತ್ತಾಳೆ. ಕಳೆದ ಭಾನುವಾರ ಅವಳನ್ನು ಹುಡುಕಿಕೊಂಡು ಕಾರ್ಕಳದಿಂದ ಒಬ್ಬರು ಬಂದರು. ಕನ್ನಡಕದ ಅಂಗಡಿಯವರು, ಯಾರೂ ಕೇಳದ ಹಳೆಯ ರೆಕಾರ್ಡು ಹುಡುಕುವ ಹುಚ್ಚು. ಗುಜರಿಯಲ್ಲಿ ಸಿಕ್ಕಿದ ಒಂದು ಖಾಲಿ ಕವರನ್ನು ಹಿಲ್ಡಾಳ ಕೈಗೆ ಕೊಟ್ಟರು. ಅದರ ಮೇಲೆ ನಾಲ್ವರ ಫೋಟೋ.

"ಇದಕ್ಕೆ ಗ್ಯಾರೇಜ್ ರಾಕ್ ಅಂತ ಹೇಳ್ತಾರೆ, ಬಾಯಮ್ಮ. ನಮ್ಮ ಊರಲ್ಲಿ ಇಂಥದ್ದು ಇತ್ತು ಅಂತ ಯಾರಿಗೂ ಗೊತ್ತಿಲ್ಲ."

"ಗ್ಯಾರೇಜ್ ಎಲ್ಲಿತ್ತು ಮಾರಾಯ್ರೆ," ಹಿಲ್ಡಾ ಪಿಸುಗುಟ್ಟಿದಳು. "ಅಕ್ಕಿಮಿಲ್ಲು. ತೌಡು ಮೂಗಿಗೆ ಹೋಗಿ ಸೀನಿ ಸೀನಿ ಹಾಡಿದ್ದು."

"ಡ್ರಮ್ಮಿನವರು ಸಿಕ್ಕಿದ್ರು. ಪೆಟ್ಟಿಗೆ ನಿಮ್ಮಲ್ಲೇ ಉಂಟು ಅಂದ್ರು. ಒಂದಾದರೂ ಉಳಿದಿದ್ರೆ ನಿಮಗೆ ಕೇಳಿಸ್ತೇನೆ, ಕ್ಲೀನ್ ಮಾಡಿ."

ಅವಳು ಕವರನ್ನು ತಿರುಗಿಸಿ ನೋಡಿದಳು. "ಒಂದು ಸಲ ಕೇಳಬೇಕಿತ್ತು. ನನ್ನ ಸ್ವರ ಹೇಗಿತ್ತು ಅಂತ ನನಗೇ ಮರೆತುಹೋಗಿದೆ." ಆಮೇಲೆ ನನ್ನ ಕಡೆ ನೋಡಿ, "ಅಕ್ಕ, ಕವರು ಬಗ್ಗಲಿಲ್ಲ ಅಲ್ವಾ?"

"ಕವರು ಬೇರೆ ಕಡೆ ಇತ್ತೇನೋ," ಎಂದೆ. ಎಪ್ಪತ್ತಾರರ ಪ್ರಾಯದಲ್ಲಿ, ಆಲ್ತಾರಿನ ಎದುರು ಕುಳಿತು.

ಕಾರ್ಕಳದವರ ಕಣ್ಣು ಅಷ್ಟರಲ್ಲಿ ಬಟ್ಟಲಿನ ಮೇಲೆ ನಿಂತಿತ್ತು. ಚಿನ್ನದ ಬಣ್ಣದ ಅಡಿಯಲ್ಲಿ ಸಣ್ಣ ಸಣ್ಣ ಗೆರೆಗಳು — ಗೊತ್ತಿದ್ದವರಿಗೆ ಕಾಣುತ್ತವೆ. ನನ್ನನ್ನು ನೋಡಿದರು.

"ಬಟ್ಟಲು ಚಂದ ಉಂಟು. ಯಾರು ಮಾಡಿದ್ದು?"

ಹಿಲ್ಡಾಳೇ ಉತ್ತರ ಕೊಟ್ಟಳು, ಹೆಮ್ಮೆಯಿಂದ. "ನನ್ನ ಅಕ್ಕ. ಅವಳ ಕೈಗುಣ ಅಂಥದ್ದು."

ಅವರು ಚಹಾ ಪೂರ್ತಿ ಕುಡಿಯಲಿಲ್ಲ. ಕವರನ್ನು ಅಲ್ಲೇ ಬಿಟ್ಟು ಹೋದರು. ಅವಳೂ ಅದನ್ನು ಮೇಜಿನ ಮೇಲಿಟ್ಟು, "ಇಲ್ಲಿಯೇ ಇರಲಿ," ಎಂದು ಹೋದಳು. ಮತ್ತೆ ನನ್ನ ವಶಕ್ಕೆ.

ಈ ವಾರ ಬ್ಲೇಡಿನಿಂದ ಬಣ್ಣ ಕೆರೆದೆ. ಮೇಣ ಕಿತ್ತೆ. ಲೇಬಲ್ ಹಾಗೆಯೇ ಇದೆ, ಅವಳ ಹೆಸರೂ. ಬಟ್ಟಲನ್ನು ಕವರಿನೊಳಗೆ ಹಾಕಲು ನೋಡಿದೆ — ಎಂಥ ಪೆದ್ದುತನ — ಹೋಗುವುದಾದರೂ ಹೇಗೆ. ಇನ್ನು ಅದರಲ್ಲಿ ನೀರೂ ನಿಲ್ಲುವುದಿಲ್ಲ.

ನಾಳೆ ಭಾನುವಾರ. ಎರಡನ್ನೂ ಅವಳ ಮಡಿಲಲ್ಲಿ ಇಡುತ್ತೇನೆ. ನನ್ನನ್ನು ಬೈಯಲು ಅವಳಿಗೆ ಸ್ವರವಿಲ್ಲ. ಪಿಸುಗುಟ್ಟಿದರೂ ಒಂದು ಮಾತು ತಪ್ಪದಂತೆ, ಹತ್ತಿರವೇ ಕುಳಿತಿರುತ್ತೇನೆ.