ಅಮ್ಮನ ಸವತಿ, ನಮ್ಮೂರ ಪುರಸಭೆ

ಹಳೆಯ ಪುರಸಭೆ ಕಟ್ಟಡದ ಚರಿತ್ರೆ ಬರೆದುಕೊಡಿ ಎಂದು ಸ್ಮರಣ ಸಂಚಿಕೆಯವರು ಕೇಳಿದಾಗ ಎರಡು ಮಾತಿಲ್ಲದೆ ಒಪ್ಪಿಕೊಂಡೆ. ನನ್ನ ಬಿಟ್ಟು ಇನ್ಯಾರು ಬರೆಯಬೇಕು? ಎರಡು ಅವಧಿ ಅಲ್ಲೇ ಸದಸ್ಯೆಯಾಗಿ ಕೂತವಳು ನಾನು. ಯಾವ ಕಿಟಕಿಯ ಚಿಲಕ ಬೀಳುವುದಿಲ್ಲ, ಯಾವ ಮೂಲೆಯಲ್ಲಿ ಫೋನ್ ಸಿಗುವುದಿಲ್ಲ ಎಂಬುದೂ ಗೊತ್ತು. ಅದಕ್ಕಿಂತ ಹೆಚ್ಚಾಗಿ, ಆ ಕಟ್ಟಡ ನಮ್ಮಮ್ಮನ ಸವತಿ.

ಹಾಗೆ ಕರೆಯುತ್ತಿದ್ದವಳು ಅಮ್ಮನೇ. ಹಾಸನದ ಕಡೆಯಿಂದ ಕೊಡಗಿಗೆ ಬಂದು, ಕಾವೇರಿ ದಡದ ಈ ಊರಲ್ಲಿ ನೆಲೆಸಿದ ನಮ್ಮಪ್ಪ ಬಡಗಿ. ಕಟ್ಟಡ ಪಂಚಾಯಿತಿ ಆಫೀಸಾಗಿ ಶುರುವಾದಾಗ ಅದರ ಮಾಡು, ಅಂದರೆ ಹೆಂಚಿನ ಚಾವಣಿ, ಕಟ್ಟಿದವರು ಅವರು. ಹೆಂಚು ಕೂರಿಸುವ ಮರದ ಪಟ್ಟಿಗೆ ರೀಪು ಎನ್ನುತ್ತಾರೆ. ಆ ರೀಪು ಹೊಡೆಯುತ್ತಿದ್ದ ಕೊನೆಯ ದಿನವೇ ನಾನು ಹುಟ್ಟಿದ್ದು. ಅಮ್ಮನಿಗೆ ನೋವು ಶುರುವಾದಾಗ ಪಕ್ಕದ ಮನೆಯವರು ಓಡಿಹೋಗಿ ಅಪ್ಪನನ್ನು ಕರೆದರು. ಅವರು ಗದ್ದೆ ದಾಟಿ ಮನೆ ಮುಟ್ಟುವ ಹೊತ್ತಿಗೆ ನಾನು ಅತ್ತು ಮುಗಿಸಿ ಮಲಗಿದ್ದೆನಂತೆ.

"ಕೆಲಸ ಮುಗಿಸ್ಕೊಂಡೇ ಬಂದ್ರು ನಿಮ್ಮಪ್ಪ. ಅವ್ರಿಗೆ ಅವಳೇ ಮೊದಲ್ನೆಯವಳು, ನಾನು ಎರಡ್ನೆಯವಳು," ಎನ್ನುತ್ತಿದ್ದಳು ಅಮ್ಮ.

"ಹೊಡೀತಿದ್ದ ಮೊಳೆ ಅರ್ಧಕ್ಕೇ ಬಿಟ್ಟು ಓಡಿ ಬಂದೆ ಕಣೇ," ಎನ್ನುತ್ತಿದ್ದರು ಅಪ್ಪ. ಅಮ್ಮ ನಂಬಿದ್ದರೆ ತಾನೆ! ಅಪ್ಪ ತೀರಿಕೊಂಡರು, ಜಗಳ ತೀರಲಿಲ್ಲ.

ಕಟ್ಟಡ ಮಾತ್ರ ಬೋರ್ಡು ಬದಲಿಸುತ್ತಾ ದೊಡ್ಡ ಮನುಷ್ಯನಾಯಿತು. ಪಂಚಾಯಿತಿ ಹೋಗಿ ಪಟ್ಟಣ ಪಂಚಾಯಿತಿ, ಆಮೇಲೆ ಪುರಸಭೆ. ಪೋಲಿಯೋ ಹನಿ, ವೋಟಿನ ಚೀಟಿ, ಹೊಳೆ ಉಕ್ಕಿದ ವರ್ಷ ಊಟದ ಪೊಟ್ಟಣ, ಎಲ್ಲವೂ ಅಲ್ಲೇ. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ಉರ್ದು, ಎಲ್ಲ ಭಾಷೆಯ ಬೈಗುಳವನ್ನೂ ಅದರ ಗೋಡೆಗಳು ಕೇಳಿವೆ. ನಲ್ಲಿಯಲ್ಲಿ ನೀರು ಬರದಿದ್ದರೆ ಯಾರೂ ಅನುವಾದಕ್ಕೆ ಕಾಯುವುದಿಲ್ಲ. ಅಮ್ಮ ಒಬ್ಬಳು ಒಳಗೆ ಕಾಲಿಡಲಿಲ್ಲ. ನಾನು ಗೆದ್ದ ದಿನ "ಸವತಿ ಮನೇಲಿ ಕೂರಕ್ಕೆ ಹೊಂಟ್ಯಾ?" ಎಂದು ಕೇಳಿ, ಆಮೇಲೆ ಪಾಯಸ ಮಾಡಿದಳು.

ಕಳೆದ ತಿಂಗಳು ಕಟ್ಟಡ ಕೆಡವಲೆಂದು ಮಾಡು ಬಿಚ್ಚತೊಡಗಿದರು. ಚರಿತ್ರೆಯ ಜೊತೆಗೆ ಹಾಕಲು ಫೋಟೋ ತೆಗೆಯಬೇಕೆಂದು ನಾನು ಹೋಗಿದ್ದೆ. ಬಿಚ್ಚುತ್ತಿದ್ದ ಬಡಗಿ ಒಂದು ಉದ್ದನೆಯ ರೀಪು ಇಳಿಸಿ ತೋರಿಸಿದ.

"ನೋಡಿ ಅಕ್ಕಾ, ಇಡೀ ಮಾಡು ಎಡಚನ ಕೆಲ್ಸ. ಮೊಳೆ ಎಲ್ಲ ಒಂದೇ ಕಡೆ ವಾಲಿದೆ. ಕೊನೇ ಸಾಲಲ್ಲಿ ಮಾತ್ರ ಇಲ್ಲಿಂದಾಚೆಗೆ ಬೇರೆ ಕೈ."

ಬಗ್ಗಿ ನೋಡಿದೆ. ನಡುವಿನ ಒಂದು ಮೊಳೆ ಅರ್ಧ ಮಾತ್ರ ಇಳಿದಿತ್ತು. ಉಳಿದರ್ಧವನ್ನು ಯಾರೋ ಆಮೇಲೆ ಮಡಚಿ ಬಡಿದಿದ್ದರು. ಅದರಾಚೆಯ ಮೊಳೆಗಳೆಲ್ಲ ಇನ್ನೊಂದು ಕಡೆಗೆ ವಾಲಿದ್ದವು. ಅವತ್ತು ಅಲ್ಲಿ ದುಡಿದವರಲ್ಲಿ ಎಡಚ ಎಂದರೆ ನಮ್ಮಪ್ಪ ಒಬ್ಬರೇ. ನನಗೆ ಅಳು ಬಂತು, ಅಪ್ಪನ ಮೇಲೆ ಹೆಮ್ಮೆಯೂ ಬಂತು.

ಮನೆಗೆ ಹೋಗಿ, "ನಿನ್ನ ಸವತೀನ ಕೆಡವ್ತಾ ಇದಾರೆ, ನೋಡ್ಬಾ," ಎಂದೆ. ಅಮ್ಮ ಸೀರೆ ಕೂಡ ಬದಲಿಸದೆ ಆಟೋ ಹತ್ತಿದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಜೀವನದಲ್ಲಿ ಮೊದಲ ಸಲ ಆ ಕಟ್ಟಡದ ಒಳಗೆ ಬಂದಳು. ಮಾಡು ಇಲ್ಲದ ಸಭಾಂಗಣದ ತುಂಬ ಬಿಸಿಲು. ಕುರ್ಚಿಯಲ್ಲಿ ಕೂರಿಸಿ, ರೀಪನ್ನು ಮುಂದಿಟ್ಟು, ಬಡಗಿ ಹೇಳಿದ್ದನ್ನೇ ಹೇಳಿದೆ. ಹೆಚ್ಚು ಬಿಡಿಸಿ ಹೇಳಬೇಕಾಗಲಿಲ್ಲ. ಬಡಗಿಯ ಹೆಂಡತಿಗೆ ಮೊಳೆ ಓದಲು ಬರುತ್ತದೆ. ಮಡಚಿದ ಮೊಳೆಯನ್ನು ಬೆರಳಿನಿಂದ ಸವರಿದಳು.

"ಅಯ್ಯೋ, ದಿಟವೇ ಹೇಳ್ತಿದ್ರಲ್ಲೇ ನಿಮ್ಮಪ್ಪ," ಎಂದಳು.

ಆಮೇಲೆ ತಲೆಯೆತ್ತಿ ಬೋಳು ಗೋಡೆಗಳನ್ನು ಒಂದು ಸುತ್ತು ನೋಡಿದಳು.

"ಪಾಪ, ಇವಳನ್ನೇ ಅರ್ಧಕ್ಕೆ ಬಿಟ್ಟು ಬಂದಿದ್ರು."