ನಾಯಿಗಳ ಹೊಟ್ಟೆ ತಣ್ಣಗಿಡುವ ವ್ಯಾನಕ್ಕ

ಬೆಳಗಿನ ಜಾವ ನಾಲ್ಕೂ ಮುಕ್ಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ಗೇಟಿನ ಮುಂದೆ ನಿಂತ ಬಿಳಿ ವ್ಯಾನಿನ ಎಂಜಿನ್ ಓಡುತ್ತಿದೆ, ಡ್ರೈವರ್ ಸೀಟಿನಲ್ಲಿ ಯಾರೂ ಇಲ್ಲ. ಹಾಲು ಹಾಕಲು ಬಂದವನು ಅನುಮಾನದಿಂದ ಹಿಂಬದಿ ಇಣುಕಿದರೆ, ಐವತ್ತೆರಡರ ಹೆಂಗಸೊಬ್ಬರು ವ್ಯಾನಿನ ನೆಲದ ಮೇಲೆ ಕಾಲು ಮಡಚಿ, ಕೆನ್ನೆಯನ್ನು ಚಾಪೆಗೆ ಒತ್ತಿ ಮಲಗಿದ್ದಾರೆ.

"ಅಕ್ಕಾ! ಹುಷಾರಾಗಿದೀರಾ?"

"ಹುಷಾರಾಗೇ ಇದೀನಪ್ಪಾ. ಹತ್ತು ನಿಮಿಷ ನಾಯಿ ಆಗಿದೀನಿ, ಅಷ್ಟೇ. ಆಮೇಲೆ ಮನುಷ್ಯಳಾಗ್ತೀನಿ."

ಪ್ರತಿ ಪ್ರಯಾಣಕ್ಕೂ ಮುಂಚೆ ವ್ಯಾನಕ್ಕ ಮಾಡುವ ಮೊದಲ ಕೆಲಸ ಇದು. ನಾಯಿ ಎಲ್ಲಿ ಮಲಗುತ್ತದೋ ಅಲ್ಲಿ ತಾವೇ ಮಲಗುವುದು. ಎಸಿಯ ಗಾಳಿ ಸೀಟಿನ ಮೇಲೆ ಕೂತವರ ಮುಖಕ್ಕೆ ಹೊಡೆಯುತ್ತದೆ. ನೆಲದ ಮೇಲೆ ಇರುವವರ ಪಾಲಿಗೆ ಎಂಜಿನ್ನಿನ ಕಾವು ಮಾತ್ರ. "ಮುಂದೆ ಕೂತೋರು ಶಾಲು ಹೊದ್ಕೋತಾರೆ, ಹಿಂದೆ ಮಲಗಿರೋದು ಬೇಯ್ತಾ ಇರುತ್ತೆ. ಅದಕ್ಕೆ ಬಾಯಿದ್ರೂ ಮಾತಿಲ್ಲ ನೋಡಿ" ಎನ್ನುತ್ತಾ ಎದ್ದು, ಸೀರೆಯ ಧೂಳು ಕೊಡವುತ್ತಾರೆ.

ಹೆಸರು ಹಿಡಿದು ಕರೆಯುವವರು ಮನೆಯಲ್ಲೂ ಕಡಿಮೆ. ಹನ್ನೆರಡು ವರ್ಷ ಶಾಲೆಯ ವ್ಯಾನ್ ಓಡಿಸಿದ್ದಕ್ಕೆ ಮಕ್ಕಳಿಟ್ಟ ಹೆಸರು 'ವ್ಯಾನಕ್ಕ', ಅಂಟಿನಂತೆ ಅಂಟಿಕೊಂಡಿದೆ. ಶಾಲೆ ದೊಡ್ಡ ಬಸ್ಸು ಕೊಂಡಿತು, ವ್ಯಾನು ಖಾಲಿಯಾಯಿತು. ಹೀಗೆ ಬಾಲಕರ ಕಾಲ ಮುಗಿದು ಬಾಲದವರ ಕಾಲ ಬಂತು. ಊರು ಬದಲಿಸುವವರ, ದೂರದ ಡಾಕ್ಟರನ್ನು ಕಾಣಬೇಕಾದವರ ನಾಯಿಗಳನ್ನು ಸಾಗಿಸುವುದು ಆರು ವರ್ಷದಿಂದ ಇವರ ಕಸುಬು. ಬೇಸಿಗೆಯಲ್ಲಿ ವಾರಕ್ಕೆ ಮೂರು ಪ್ರಯಾಣ. ಇದುವರೆಗೆ ನಾನೂರಕ್ಕೂ ಹೆಚ್ಚು ನಾಯಿಗಳು. ಮಕ್ಕಳಿಗೂ ಇವಕ್ಕೂ ಏನು ವ್ಯತ್ಯಾಸ ಎಂದರೆ ತಕ್ಷಣ ಉತ್ತರ ಬರುತ್ತದೆ: "ಕಿಟಕಿಯಿಂದ ತಲೆ ಹೊರಗೆ ಹಾಕ್ಬೇಡ ಅಂದ್ರೆ ಎರಡೂ ಕೇಳಲ್ಲ. ಆದ್ರೆ ಇವು ಮನೆಗೆ ಹೋಗಿ ನನ್ನ ಮೇಲೆ ಚಾಡಿ ಹೇಳಲ್ಲ."

ಫೋನ್ ಮಾಡುವವರ ದನಿಗಳನ್ನು ಇವರ ಬಾಯಲ್ಲೇ ಕೇಳಬೇಕು. ಮೂಗಿನಲ್ಲಿ ಎಳೆದು, "ನಮ್ ಪಾಪು ಎಸಿ ಇಲ್ದೆ ನಿದ್ದೇನೇ ಮಾಡಲ್ಲಾ..." ಎಂದು ಒಬ್ಬರು, ಗಂಟಲು ದಪ್ಪಗೆ ಮಾಡಿ, "ನಾಯಿಗೆಂಥ ಎಸಿ, ಡಿಕ್ಕೀಲಿ ಹಾಕ್ರೀ!" ಎಂದು ಇನ್ನೊಬ್ಬರು. ಎರಡನೆಯವರಿಗೆ ವ್ಯಾನಕ್ಕ ಮರ್ಯಾದೆಯಿಂದಲೇ ಹೇಳುತ್ತಾರಂತೆ: "ಸರ್, ಮೊದಲು ನೀವು ಡಿಕ್ಕೀಲಿ ಕೂತ್ಕೊಂಡು ನೋಡಿ, ಆಮೇಲೆ ಫೋನ್ ಮಾಡಿ." ಅವರು ಮತ್ತೆ ಮಾಡುವುದಿಲ್ಲ.

ಇವತ್ತಿನ ಪ್ರಯಾಣಿಕನ ಹೆಸರು ಬುಸ್ಸಪ್ಪ. ಹನ್ನೊಂದು ವರ್ಷದ, ಚಪ್ಪಟೆ ಮೂತಿಯ, ಕುಂಬಳಕಾಯಿ ಗಾತ್ರದ ನಾಯಿ. ಸುಮ್ಮನೆ ಕೂತರೂ ಬುಸ್ ಬುಸ್ ಎನ್ನುವುದರಿಂದ ಆ ಹೆಸರು. ನಾಯಿಗೆ ಮೈ ತಣಿಯುವುದೇ ತೇಕುವುದರಿಂದ. ಮೂಗೇ ಒಳಕ್ಕೆ ಹೋದ ಇಂಥವಕ್ಕೆ ಆ ದಾರಿಯೂ ಇಕ್ಕಟ್ಟು. ಬುಸ್ಸಪ್ಪನ ಒಡತಿ ಗ್ರಂಥಾಲಯದ ಮೇಡಂ. ಒಂಟಿ ಜೀವ. ಮೂರೂವರೆ ಗಂಟೆ ದೂರದ ಊರಿಗೆ ಬಡ್ತಿಯ ಮೇಲೆ ವರ್ಗವಾಗಿದೆ. ಇವತ್ತು ಸಂಜೆ ನಾಲ್ಕು ಗಂಟೆಯೊಳಗೆ ಹಾಜರಿ ಸಹಿ ಹಾಕದಿದ್ದರೆ ಆ ಜಾಗ ಸರದಿಯಲ್ಲಿರುವ ಮುಂದಿನವರಿಗೆ ಹೋಗುತ್ತದೆ. ಎರಡು ವರ್ಷದ ಹಿಂದೆ ಇನ್ನೊಂದು ಟ್ಯಾಕ್ಸಿಯಲ್ಲಿ ಹೋಗುವಾಗ ಬುಸ್ಸಪ್ಪ ಬಿಸಿಲಿಗೆ ಪ್ರಜ್ಞೆ ತಪ್ಪಿದ್ದ. ಅಂದಿನಿಂದ ವಾಹನದಲ್ಲಿರುವಾಗ ಮೇಡಂ ಅವನನ್ನು ಒಂದು ಗಳಿಗೆಯೂ ಬೇರೆಯವರ ಕೈಗೆ ಕೊಟ್ಟವರಲ್ಲ.

ಐದಕ್ಕೆ ಹೊರಡಬೇಕಿತ್ತು. ಮೇಡಂ ಖಾಲಿ ಮಾಡುತ್ತಿರುವ ಮನೆಯ ಬೀಗದ ಕೈ ತಗೊಳ್ಳಲು ಮಾಲೀಕರು ಬಂದಿದ್ದು ಆರೂ ಮುಕ್ಕಾಲಿಗೆ. ವ್ಯಾನಕ್ಕ ಆಕಾಶ ನೋಡಿ, ತುಟಿ ಕಚ್ಚಿ, "ಹತ್ತೂವರೆ ಒಳಗೆ ಮುಟ್ಟಿಬಿಡೋಣ, ಹತ್ತಿ" ಎನ್ನುತ್ತಾರೆ. ಬುಸ್ಸಪ್ಪನಿಗೆ ಬೆಳಗಿನ ಊಟ ಅರ್ಧ ಮಾತ್ರ. ಹೊಟ್ಟೆ ತುಂಬಿದರೆ ವಾಂತಿ. ಎದೆಗೆ ಸುತ್ತಿದ ಅಗಲ ಪಟ್ಟಿಯನ್ನು ಸೀಟ್ ಬೆಲ್ಟಿಗೆ ಸಿಕ್ಕಿಸುತ್ತಾರೆ. ಕುತ್ತಿಗೆ ಪಟ್ಟಿಗೆ ಸಿಕ್ಕಿಸಿದರೆ ಬ್ರೇಕ್ ಹಾಕಿದಾಗ ಗಂಟಲು ಹಿಸುಕುತ್ತದೆ. ಹಿಂಡಿದ ಒದ್ದೆ ಬಟ್ಟೆ ಹೊಟ್ಟೆಯ ಕೆಳಗೆ ಹೋಗುತ್ತದೆ, ಮೈಮೇಲಲ್ಲ. "ಮೇಲೆ ಹೊದಿಸಿದ್ರೆ ಕಾವು ಒಳಗೇ ಉಳಿಯುತ್ತೆ. 'ನಿನ್ನ ಹೊಟ್ಟೆ ತಣ್ಣಗಿರಲಿ' ಅಂತ ನಮ್ಮಜ್ಜಿ ಸುಮ್ಮನೆ ಹರಸ್ತಿದ್ಳಾ?" ನಾಯಿಯ ಮೂಗಿನ ಎತ್ತರಕ್ಕೆ ಪುಟ್ಟ ಥರ್ಮಾಮೀಟರ್ ಕಟ್ಟಿದೆ. ಇಪ್ಪತ್ತಾರು ದಾಟಿದರೆ ಮಾತು ನಿಲ್ಲಬೇಕು, ಇಪ್ಪತ್ತೆಂಟು ದಾಟಿದರೆ ಗಾಡಿ ನಿಲ್ಲಬೇಕು. ವ್ಯಾನಿನ ಕಾನೂನು.

ಎಂಟೂವರೆಗೆ, ಅರ್ಧ ದಾರಿಯಲ್ಲಿ, ಮುಂದೆ ಲಾರಿಯೊಂದು ಅಡ್ಡ ಬಿದ್ದಿದೆ. ವಾಹನಗಳ ಸಾಲು ಹನುಮಂತನ ಬಾಲದಂತೆ ಬೆಳೆಯುತ್ತದೆ. ಒಂಬತ್ತು. ಒಂಬತ್ತೂವರೆ. ಆಗ ಎಂಜಿನ್ನಿನ ಕಡೆಯಿಂದ ಒಂದು ಕೀರಲು ದನಿ. ಎಸಿಯ ಗಾಳಿ ಉಗುರುಬೆಚ್ಚಗಾಗುತ್ತದೆ. ಇಪ್ಪತ್ತೇಳು.

ವ್ಯಾನಕ್ಕ ಗಂಡನಿಗೆ ಫೋನ್ ಮಾಡುತ್ತಾರೆ. ಅವರು ಮೆಕ್ಯಾನಿಕ್.

"ರೀ, ಗಾಡಿ ಹೀಗಂತಿದೆ, ಕೇಳಿ. ಕೀಂ... ಕಿರ್ರ್ ಕಿರ್ರ್... ಕೀಂ."

"ಇನ್ನೊಂದ್ಸಲ ಮಾಡು."

"ಕೀಂ... ಕಿರ್ರ್ ಕಿರ್ರ್."

"ಇದು ಗಾಡಿನಾ, ನಮ್ಮಮ್ಮನಾ?"

"ನಿಮ್ಮಮ್ಮ ಆಗಿದ್ರೆ ಇಷ್ಟೊತ್ತಿಗೆ ನಿಲ್ತಿತ್ತಾ? ಬೇಗ ಹೇಳ್ರೀ!"

"ಎಸಿ ಬೇರಿಂಗ್ ಹೋಗಿದೆ. ಗಾಡಿ ಓಡುತ್ತೆ, ತಂಪು ಬರಲ್ಲ. ಎಸಿ ಆಫ್ ಮಾಡು. ಎಲ್ಲಿರ್ತೀಯ ಹೇಳು, ಸಾಮಾನು ಹಿಡ್ಕೊಂಡು ಬೈಕಲ್ಲಿ ಬರ್ತೀನಿ."

ಎಲ್ಲಿರುತ್ತೇನೆ ಎಂಬುದಕ್ಕೆ ಉತ್ತರ ವ್ಯಾನಕ್ಕನ ಮುಂದಿನ ಖಾನೆಯಲ್ಲಿದೆ. ಅಂಚು ಸವೆದ ಒಂದು ನೋಟ್ ಪುಸ್ತಕ. ಈ ದಾರಿಯ ಪ್ರತಿ ನೆರಳೂ ಗಂಟೆಯ ಸಮೇತ ಅದರಲ್ಲಿ ಬರೆದಿದೆ. 'ಹಳೇ ಉಗ್ರಾಣದ ಗೋಡೆ: ಹತ್ತರವರೆಗೆ, ಆಮೇಲೆ ನಂಬಬೇಡ.' 'ಪೆಟ್ರೋಲ್ ಬಂಕಿನ ಹಿಂದೆ: ಮೂರರ ನಂತರ. ನೆರಳೂ ಇದೆ, ಸಿಡುಕಿನ ಬಾತುಕೋಳಿಯೂ ಇದೆ.' ಬೆರಳು ಕೆಳಗಿಳಿದು ಒಂದು ಸಾಲಿನ ಮೇಲೆ ನಿಲ್ಲುತ್ತದೆ: 'ಸಸಿ ತಾತನ ನರ್ಸರಿ: ಇಡೀ ದಿನ.' ಇನ್ನೂರು ಗಜ ಹಿಂದಕ್ಕೆ, ಎಡಗಡೆ. ವ್ಯಾನು ಸಾಲಿನಿಂದ ಹೊರಬಂದು ಮಣ್ಣುಹಾದಿಗೆ ಇಳಿಯುವಾಗ ಥರ್ಮಾಮೀಟರ್ ಇಪ್ಪತ್ತೆಂಟಕ್ಕೆ ಮುಟ್ಟಿದೆ.

ಸಸಿ ಮಾರುವ ತಾತ ಗೇಟು ತೆಗೆಯುತ್ತಲೇ, "ಏನಮ್ಮಾ, ಇವತ್ತು ಯಾವ ದೊರೆ?" ಎನ್ನುತ್ತಾರೆ.

"ಬುಸ್ಸಪ್ಪ ದೊರೆಗಳು, ತಾತ. ಜರೀಗಿಡದ ಮನೆ ಬೇಕಾಗಿತ್ತು."

"ಬರ್ಲಿ ಬರ್ಲಿ. ಗಿಡದ ಬುಡಕ್ಕೆ ಕಾಲೆತ್ತದಿದ್ರೆ ಸಾಕು."

ಹಸಿರು ಪರದೆಯ ಕೆಳಗೆ, ನೀರಿನ ತುಂತುರು ಬೀಳುವ ಆ ಕೋಣೆಯಲ್ಲಿ ಇಪ್ಪತ್ತೈದು. ವ್ಯಾನಕ್ಕ ಬುಸ್ಸಪ್ಪನ ಪಾದ, ಹೊಟ್ಟೆ, ತೊಡೆಸಂದಿಗೆ ಸಾಧಾರಣ ತಣ್ಣೀರು ಸವರಿ, ಬಟ್ಟಲಲ್ಲಿ ನಾಲ್ಕು ಗುಟುಕು ಇಡುತ್ತಾರೆ. ಮಂಜುಗಡ್ಡೆ ಬೇಡ, ಒಂದೇ ಸಲ ಬಕೆಟ್ಟೂ ಬೇಡ. ಒಸಡು ಒತ್ತಿ ನೋಡುತ್ತಾರೆ, ಬಣ್ಣ ಸರಿಯಿದೆ. ಹತ್ತು ನಿಮಿಷದಲ್ಲಿ ಬುಸ್ಸಪ್ಪನ ಉಸಿರು ಹದಕ್ಕೆ ಬರುತ್ತದೆ. ಮೇಡಂ ಅವರದು ಬರುವುದಿಲ್ಲ.

ಹನ್ನೊಂದಕ್ಕೆ ರಸ್ತೆ ತೆರೆಯುತ್ತದೆ. "ಅಕ್ಕಾ, ಹೊರಟುಬಿಡೋಣ. ಕಿಟಕಿ ತೆಗೆದ್ರೆ ಗಾಳಿ ಬರುತ್ತಲ್ಲ?"

"ಈ ಹೊತ್ತಲ್ಲಿ ಬರೋದು ಗಾಳಿ ಅಲ್ಲ ಮೇಡಂ, ಒಲೆ ಉಸಿರು. ಇವನನ್ನ ನಾನು ಹೊರಡಿಸಲ್ಲ. ನೀವು ಹೊರಡಿ. ಗೇಟಿನ ಮುಂದೇ ಬಸ್ ನಿಲ್ಲುತ್ತೆ, ಎರಡು ಗಂಟೆಯೊಳಗೆ ಆಫೀಸಲ್ಲಿರ್ತೀರಿ. ಸಂಜೆ ನಾನು ಕರ್ಕೊಂಡು ಬರ್ತೀನಿ."

ಮೇಡಂ ನಾಯಿಯ ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತಾರೆ. "ಇವನನ್ನ ಬಿಟ್ಟು ಹೋಗೋದಾ? ಆಗಲ್ಲ. ಕೆಲಸ ಹೋದ್ರೆ ಹೋಗ್ಲಿ."

ವ್ಯಾನಕ್ಕನ ಜಾಗದಲ್ಲಿ ಬೇರೆ ಯಾರೇ ಇದ್ದಿದ್ದರೂ ಆಗ ತಮ್ಮ ಹಿರಿಮೆ ಕೊಚ್ಚಿಕೊಳ್ಳುತ್ತಿದ್ದರು. ವ್ಯಾನಕ್ಕ ಕುಂಡವೊಂದನ್ನು ಬೋರಲು ಹಾಕಿ, ಅದರ ಮೇಲೆ ಕೂತು, ತಮ್ಮ ಅತಿ ಕೆಟ್ಟ ದಿನದ ಕಥೆ ಹೇಳುತ್ತಾರೆ.

ಈ ಕಸುಬಿಗೆ ಇಳಿದು ಐದೇ ತಿಂಗಳು. ಜೋಲುಕಿವಿಯ ಕಂದು ನಾಯಿ. ಮರದ ದಟ್ಟ ನೆರಳಲ್ಲಿ ವ್ಯಾನ್ ನಿಲ್ಲಿಸಿ, ನಾಲ್ಕು ಬೆರಳು ಕಿಟಕಿ ತೆರೆದು, ಟೀ ಕುಡಿಯಲು ಹೋದರು. ಹಳೆಯ ಪರಿಚಯದವರು ಸಿಕ್ಕರು, ಮಾತು ಬೆಳೆಯಿತು. ಬಂದು ನೋಡಿದರೆ ಮರ ಅಲ್ಲೇ ಇದೆ, ವ್ಯಾನೂ ಅಲ್ಲೇ ಇದೆ, ನೆರಳು ಎದ್ದು ಹೋಗಿದೆ. "ನೆರಳಿಗೂ ಕಾಲಿದೆ ಅಂತ ನನಗೆ ಅವತ್ತು ಗೊತ್ತಾಯ್ತು ಮೇಡಂ. ನಾಲಗೆ ಕಡುಗೆಂಪಾಗಿ ಬಿದ್ದಿತ್ತು ಅದು. ಡಾಕ್ಟರು ಉಳಿಸಿದ್ರು. ಅದರ ಯಜಮಾನರು ಹೋಗ್ಲಿ ಬಿಡಿ ಅಂದ್ರು. ನಾನು ಬಿಟ್ಟಿಲ್ಲ. ಅವತ್ತಿಂದ ಒಂದು ನಾಯೀನೂ ಗಾಡೀಲಿ ಒಂಟಿಯಾಗಿ ಕೂತಿಲ್ಲ. ಶೌಚಕ್ಕೆ ಹೋದ್ರೂ ಜೊತೇಲೇ ಕರ್ಕೊಂಡು ಹೋಗ್ತೀನಿ. ಒಳಗಿದ್ದೋರು ಕಿರುಚ್ಕೊಂಡಿದ್ದೂ ಇದೆ."

ಮೇಡಂ ಬೆಪ್ಪಾಗಿ ನೋಡುತ್ತಾರೆ. "ಇದನ್ನ ಈಗ ಯಾಕೆ ಹೇಳ್ತಿದೀರಿ?"

"ತಪ್ಪೇ ಮಾಡಿಲ್ಲ ಅನ್ನೋ ಡ್ರೈವರ್ ಹತ್ರ ನಾಯಿ ಬಿಟ್ಟು ಹೋಗ್ಬೇಡಿ ಅಂತ."

ಮೇಡಂ ಬಗ್ಗಿ, ಬುಸ್ಸಪ್ಪನ ಸುಕ್ಕು ಹಣೆಗೆ ಹಣೆ ತಾಗಿಸಿ, ಹಗ್ಗವನ್ನು ವ್ಯಾನಕ್ಕನ ಕೈಗೆ ಇಡುತ್ತಾರೆ. ಬಸ್ಸು ಹತ್ತುವವರೆಗೆ ಮೂರು ಸಲ ಹಿಂತಿರುಗಿ ನೋಡುತ್ತಾರೆ. ಬುಸ್ಸಪ್ಪ ಒಮ್ಮೆಯೂ ನೋಡುವುದಿಲ್ಲ, ಅವನಿಗೆ ನಿದ್ದೆ.

ಎಲೆಮರೆಯ ಕಾಯಿ ಎನ್ನುತ್ತಾರಲ್ಲ, ವ್ಯಾನಕ್ಕ ಎಲೆಮರೆಯಲ್ಲಿ ಕಾಯುವವರು. ಬಿಸಿಲು ಪರದೆಯ ತೂತುಗಳಲ್ಲಿ ಇಳಿದು ಹತ್ತಿರ ಸರಿದಂತೆಲ್ಲ ಚಾಪೆಯನ್ನೂ ಅದರ ಮೇಲಿನ ಭಾರವನ್ನೂ ಎಳೆದು ಆಚೆ ಸರಿಸುತ್ತಾರೆ. ನಾಲ್ಕು ಗಂಟೆಯೊಳಗೆ ಐದು ಸಲ. ಗಂಟೆಗೊಂದು ಸಲ ಫೋನಿನಲ್ಲಿ ಬುಸ್ಸಪ್ಪನ ಗೊರಕೆಯನ್ನು ಮೇಡಂಗೆ ಕೇಳಿಸುತ್ತಾರೆ. ಮೂರನೆಯ ಸಲ, "ಅಕ್ಕಾ, ಇದು ಅವನದೇನಾ, ನೀವು ಮಾಡ್ತಿರೋದಾ?" ಎಂಬ ಪ್ರಶ್ನೆ ಬಂದಾಗ ಸಸಿ ತಾತ ಸಾಕ್ಷಿ ನುಡಿಯಬೇಕಾಗುತ್ತದೆ. ಎರಡೂವರೆಗೆ ಆ ಕಡೆಯಿಂದ ಬಂದ ಸುದ್ದಿ: "ಸಹಿ ಹಾಕ್ದೆ."

ಗಂಡ ಬಂದು ಬೇರಿಂಗ್ ಬದಲಿಸಿ ಕೈ ಒರೆಸಿಕೊಳ್ಳುವಾಗ ನಾಲ್ಕು ಗಂಟೆ. "ಗಾಡಿ ರೆಡಿ. ಇನ್ನೇನು, ಹೊರಡು."

ವ್ಯಾನಕ್ಕ ರಸ್ತೆಗೆ ಹೋಗಿ, ಅಂಗೈ ಮಗುಚಿ ಟಾರಿನ ಮೇಲೆ ಇಟ್ಟು, ಮೂರು ಎಣಿಸುವಷ್ಟರಲ್ಲಿ ಕೈ ಎತ್ತುತ್ತಾರೆ. "ಗಾಡಿ ರೆಡಿ ರೀ, ರಸ್ತೆ ರೆಡಿ ಇಲ್ಲ. ಗಾಡಿ ದಾರೀಲಿ ಮತ್ತೆ ಕೈ ಕೊಟ್ರೆ ಇವನನ್ನ ಇದರ ಮೇಲೆ ನಡೆಸ್ಲಾ?"

"ನನ್ನ ರಿಪೇರಿ ಮೇಲೆ ನಂಬಿಕೆ ಇಲ್ವೇನೇ?"

"ನಂಬಿಕೆ ಇದೆ. ನೆರಳಿನ ಮೇಲೂ ಇತ್ತು."

ಗಂಡ ನಗುತ್ತಾ ಕುಂಡದ ಮೇಲೆ ಕೂರುತ್ತಾರೆ. ಹೊರಟಿದ್ದು ಐದೂವರೆಗೆ, ಗಾಳಿ ತಿರುಗಿದ ಮೇಲೆ.

ಹೊಸ ಊರಿನ ಹೊಸ ಮನೆಯ ಮೆಟ್ಟಿಲ ಮೇಲೆ ಮೇಡಂ ಯಾವಾಗಿನಿಂದ ಕೂತಿದ್ದಾರೋ. ಏಳೂಕಾಲಿಗೆ ವ್ಯಾನಿನ ಬಾಗಿಲು ಸರಿಯುತ್ತದೆ. ಬುಸ್ಸಪ್ಪ ಮೈ ಕೊಡವಿ, ಗತ್ತಿನಿಂದ ಇಳಿದು, ಒಡತಿಯ ಪಾದ ಮೂಸಿ, ಒಳಗೆ ಹೋಗುತ್ತಾನೆ. ಎಲ್ಲ ಕೋಣೆಗಳನ್ನೂ ಸುತ್ತಿ, ಬಚ್ಚಲಮನೆಯ ಹೊಸ್ತಿಲ ಕಲ್ಲಿನ ಮೇಲೆ ಹೊಟ್ಟೆ ಚಾಚಿ ಬೀಳುತ್ತಾನೆ.

ಮೇಡಂ ಕಣ್ಣೊರೆಸಿಕೊಂಡು ವ್ಯಾನಿನ ಬಳಿ ಬರುತ್ತಾರೆ. "ಮುಂದಿನ ತಿಂಗಳು ಇವನನ್ನ ಹಳೇ ಡಾಕ್ಟರ್ ಹತ್ರ ತೋರಿಸ್ಬೇಕು ಅಕ್ಕಾ. ಎಷ್ಟು ಹೊತ್ತಿಗೆ ಹೊರಡೋಣ, ನೀವೇ ಹೇಳಿ."

ವ್ಯಾನಕ್ಕ ಬಾಗಿಲು ಎಳೆಯುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸುತ್ತಾರೆ.

"ಆರು ವರ್ಷದಿಂದ ಎಲ್ರೂ ಕೇಳಿರೋದು, ಎಷ್ಟು ಹೊತ್ತಿಗೆ ಮುಟ್ತೀವಿ ಅಂತ. ಎಷ್ಟು ಹೊತ್ತಿಗೆ ಹೊರಡೋಣ ಅಂತ ಕೇಳಿದೋರು ನೀವೇ ಮೊದಲು" ಎನ್ನುತ್ತಾ ಡ್ರೈವರ್ ಸೀಟಿಗೆ ಹತ್ತಿ, ಕನ್ನಡಿ ಸರಿಮಾಡಿಕೊಳ್ಳುತ್ತಾರೆ. "ನಾಲ್ಕೂವರೆಗೆ, ಮೇಡಂ. ಕೋಳಿ ಕೂಗೋಕೆ ಮುಂಚೆ ನಾನು ಬಾಗಿಲಲ್ಲಿರ್ತೀನಿ."