ಹೆಂಡದ ಸೀಮೆಗೆ ಪರದೆ ಕಟ್ಟಿದ ಮೋಟಾರು

ಹಾಗಾದರೆ ಆ ಪರದೆಯ ವಿಷಯವನ್ನೇ ಮೊದಲು ಹೇಳಿಬಿಡುತ್ತೇನೆ, ಆಮೇಲೆ ನೀವೇ ಹೇಳಿ ಮಹಬೂಬ್ ಬೀಗೆ ಬಂದ ಸಿಟ್ಟು ಹೆಚ್ಚಾಯಿತೋ ಕಮ್ಮಿಯಾಯಿತೋ ಅಂತ. ನನ್ನನ್ನು ಕೇಳಿದರೆ ಕಮ್ಮಿಯೇ. ಬೇರೆ ಯಾರಾದರೂ ಆಗಿದ್ದರೆ ಆವತ್ತು ಮೋಟಾರಿನ ಗಾಜು ಉಳಿಯುತ್ತಿರಲಿಲ್ಲ.

ಮಹಬೂಬ್ ಬೀ ಅಂದರೆ ಮದ್ದೂರಿನ ಮೆಕ್ಯಾನಿಕ್ ಇಸಾಕನ ಹೆಂಡತಿ. ತವರು ಮಳವಳ್ಳಿ. ಮದುವೆ ಮಾಡಿಕೊಂಡು ಬಂದಾಗ ಕಮಾನುಗಾಡಿಗೆ ಹಿಂದೆ ಮುಂದೆ ಚಾದರ ಕಟ್ಟಿ ಕರೆತಂದಿದ್ದರು. ಅಲ್ಲಿಂದಾಚೆ ಬಾಣಂತನಕ್ಕೆ, ಹಬ್ಬಕ್ಕೆ, ಸಾವಿಗೆ ಅಂತ ಎಷ್ಟು ಸಲ ಹೋಗಿ ಬಂದಿದ್ದಾಳೋ, ಆ ದಾರಿಯನ್ನು ಒಮ್ಮೆಯೂ ಕಣ್ಣಾರೆ ಕಂಡವಳಲ್ಲ. ಕಿವಿಗೆ ಗೊತ್ತು, ಮೂಗಿಗೆ ಗೊತ್ತು, ಅಷ್ಟೆ. ಚಕ್ರ ಗಡಗಡ ಅಂದರೆ ನಾಲೆಯ ಸೇತುವೆ. ಹುಳಿ ವಾಸನೆ ಅಡರಿದರೆ ಕಾಳಮುದ್ದನದೊಡ್ಡಿ ಹಿಂದಾಯಿತು, ಈಚಲ ತೋಪು ಬಂತು, ಮರದಿಂದ ಹೆಂಡ ಇಳಿಸುತ್ತಿದ್ದಾರೆ ಅಂತ ಲೆಕ್ಕ. ಆ ಕಡೆಗೆ ಮನೆಯವರು ಇಟ್ಟ ಹೆಸರೇ ಹೆಂಡದ ಸೀಮೆ. ಹೆಸರು ಹೇಳುವಾಗಲೂ ದನಿ ತಗ್ಗಿಸುತ್ತಿದ್ದರು.

ಇಸಾಕನ ಶೆಡ್ಡು ಮನೆಯ ಹಿತ್ತಲಿಗೇ ಅಂಟಿಕೊಂಡಿತ್ತು. ನಡುವೆ ಒಂದು ಗೋಣಿತಟ್ಟು. ಅವನು ಬಿಚ್ಚಿದ ಇಂಜಿನ್ನನ್ನು ಈಚೆಗೆ ತಳ್ಳಿದರೆ ಮಹಬೂಬ್ ಬೀ ಸಾಮಾನನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ವಾಲ್ವುಗಳಿಗೆ ಎಮರಿ ಅನ್ನುವ ಉಜ್ಜುವ ಪುಡಿ ಹಚ್ಚಿ ತಿಕ್ಕಿ ಕೊಡುತ್ತಿದ್ದಳು. ಊರಿನಲ್ಲಿ ಓಡುವ ಎಷ್ಟೋ ಮೋಟಾರುಗಳ ಹೊಟ್ಟೆಯೊಳಗೆ ಆಕೆಯ ಕೈ ಆಡಿತ್ತು. ಆದರೆ ಒಂದರಲ್ಲೂ ಕೂತಿರಲಿಲ್ಲ.

ಯುದ್ಧ ಮುಗಿದ ವರ್ಷ ಮಳವಳ್ಳಿಯ ಹೆಂಡದ ಗುತ್ತಿಗೆದಾರ ಮರಿಸಿದ್ದಯ್ಯ ತನ್ನ ಹಳೆಯ ಮೋಟಾರನ್ನು ಇಸಾಕನ ಹತ್ತಿರ ತಂದು ಬಿಟ್ಟ. ಪೆಟ್ರೋಲು ಇನ್ನೂ ಕೂಪನ್ನಿಗೇ ಸಿಗುತ್ತಿದ್ದ ಕಾಲ, ಹಾಗಾಗಿ ಗಾಡಿಯ ಬೆನ್ನಿಗೆ ಇದ್ದಿಲು ಉರಿಸಿ ಅದರ ಗ್ಯಾಸಿನಲ್ಲೇ ಇಂಜಿನ್ನು ಓಡಿಸುವ ಡ್ರಮ್ಮು ಕಟ್ಟಿತ್ತು. ಇಸಾಕ್ ಇಂಜಿನ್ನನ್ನು ಪೂರಾ ಬಿಚ್ಚಿ ಹೊಸದಾಗಿ ಕಟ್ಟಿದ. ಹಾಗೆ ಕಟ್ಟಿದ ಗಾಡಿಯನ್ನು ಶುರುವಿನಲ್ಲಿ ಜೋರಾಗಿ ಓಡಿಸುವಂತಿಲ್ಲ, ಬಾಣಂತಿಯನ್ನು ನಡೆಸಿದ ಹಾಗೆ ನಡೆಸಬೇಕು, ನಡುನಡುವೆ ನಿಲ್ಲಿಸಿ ಆರಿಸಬೇಕು.

"ಅಂಗಾರೆ ಮೆತ್ಗೇ ನಡುಸ್ಕೊಂಡು ಮಳವಳ್ಳಿಗ್ ತಂದ್ಬುಡು ಇಸಾಕಣ್ಣ," ಅಂದ ಮರಿಸಿದ್ದಯ್ಯ. "ಎಲ್ಡ್ ದಿನಾನೇ ಆಗ್ಲಿ. ದಾರೀಲಿ ನಮ್ ತೋಪ್ಗಳವೆ, ಎಲ್ ಬೇಕಾರೂ ಗಾಡಿ ಆರಾಕ್ಬುಡು. ನೀನ್ ಕುಡಿಯಾಕಿಲ್ಲ, ಅದ್ಕೇ ನಿನ್ ಕೈಗ್ ಕೊಡ್ತಿರೋದು ಕಣಪ್ಪ. ನಮ್ ಡ್ರೈವರ್ಗಾಗಿದ್ರೆ ಮೊದಲ್ನೇ ತೋಪು ದಾಟ್ತಿರ್ಲಿಲ್ಲ!"

ಗೋಣಿತಟ್ಟಿನ ಈಚೆ ವಾಲ್ವು ತಿಕ್ಕುತ್ತಿದ್ದ ಕೈ ನಿಂತಿತು. ಮೆತ್ತಗೆ ಓಡುವ ಮೋಟಾರು, ಎರಡು ದಿನ, ಮಳವಳ್ಳಿ! ಅವತ್ತು ಇಸಾಕ್ ಊಟಕ್ಕೆ ಕೂತಾಗ ಸವಾರಿಯ ಏರ್ಪಾಡೆಲ್ಲ ಮುಗಿದೇ ಹೋಗಿತ್ತು. ನಾಲೆಯ ಹತ್ತಿರ ನಾಷ್ಟಾ, ತೋಪಿನ ನೆರಳಲ್ಲಿ ರೊಟ್ಟಿ, ರಾತ್ರಿ ಮಳವಳ್ಳಿಯಲ್ಲಿ ತಂಗಿ ಅಜೀಜಾಳ ಮನೆ. ಮಾರನೆಯ ದಿನ ಗಗನಚುಕ್ಕಿ. ಇಸಾಕ್ ನಕ್ಕು ಹೂಂ ಅಂದ. ಆಕೆ ಏನನ್ನಾದರೂ ಬಾಯಿಬಿಟ್ಟು ಕೇಳಿದ್ದೇ ಅಪರೂಪ.

ಪಕ್ಕದ ಮನೆಯ ಹೊಂಬಾಳಮ್ಮನಿಗೆ ಹಿತ್ತಲ ಗೋಡೆಯ ಮೇಲೆ ಸುದ್ದಿ ಹೋಯಿತು.

"ಏನ್ ಬೂಬಮ್ಮ, ಹೆಂಡದ್ ತೋಪ್ಗೆ ಒಂಟಿದ್ದೀಯಂತೆ? ಬರ್ತಾ ನಂಗೂ ಒಂದ್ ಕುಡ್ಕೆ ತತ್ತೀಯಾ?"

"ತೂ, ನಿನ್ ಬಾಯ್ಗಿಷ್ಟು! ನಾನ್ ಮರ ನೋಡಾಕ್ ಓಯ್ತಿರೋದು ಕಣೇ."

"ಮರದಲ್ಲೇನೈತೆ ನೋಡಾಕೆ?"

"ಏನೈತೆ ಅಂತ್ಲೇ ನೋಡ್ಬೇಕು. ಇಷ್ಟ್ ವರ್ಸ ಮೂಗಲ್ಲೇ ನೋಡಿವ್ನಿ."

ಎಲ್ಲ ಸರಿಹೋಗುತ್ತಿತ್ತು, ಇಸಾಕನ ಅಣ್ಣ ಕಬೀರ್ ಸಾಹೇಬರು ಇಲ್ಲದಿದ್ದರೆ. ಪೇಟೆಯಲ್ಲಿ ಟೈಲರು, ಮನೆಗೆ ಹಿರಿಯರು. ಗಂಡನ ಅಣ್ಣನ ಮುಂದೆ ನಿಂತು ಮಾತಾಡುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಮಹಬೂಬ್ ಬೀ ಏನು ಹೇಳುವುದಿದ್ದರೂ ಬಾಗಿಲ ಮರೆಯಲ್ಲಿ ನಿಂತು ನೀರಿನ ಹಂಡೆಗೆ ಹೇಳುತ್ತಿದ್ದಳು, ಕಬೀರ್ ಸಾಹೇಬರು ಕೇಳಿಸಿಕೊಂಡು ಇಸಾಕನಿಗೆ ಉತ್ತರ ಕೊಡುತ್ತಿದ್ದರು.

"ಹೆಂಡದ ಸೀಮೆ ಅದು, ಇಸಾಕ್. ಕುಡ್ದು ದಾರಿ ತುಂಬ ಬಿದ್ದಿರ್ತಾರೆ. ನಮ್ಮನೆ ಹೆಣ್ಮಕ್ಳು ಅದ್ನ ನೋಡೋದಾ? ಅವ್ರು ಇವ್ರನ್ನ ನೋಡೋದಾ?"

"ಹಂಡೇನೇ, ಕೇಳುಸ್ಕೊ," ಅಂದಳು ಮಹಬೂಬ್ ಬೀ. "ನನ್ ತಲೆ ಮೇಲೆ ಸೆರಗೈತೆ. ನನ್ ಮರ್ಯಾದೆಗೆ ಅದು ಸಾಕು."

"ಸಾಕಾಗಲ್ಲ ಅಂತ ಹೇಳು ಇಸಾಕ್. ನಾನೂ ಜೊತೇಲಿ ಬರ್ತೀನಿ. ಪರದೆ ಹೊಲೀತೀನಿ."

"ಆಗ್ಲಿ ಭಾಯಿ," ಅಂದ ಇಸಾಕ್. ಎಲ್ಲದಕ್ಕೂ ಆಗಲಿ ಅನ್ನುವ ಗಂಡಸರಿಂದ ಹೆಂಗಸರಿಗೆ ಎಷ್ಟು ತೊಂದರೆ ಅನ್ನುವುದನ್ನು ಯಾರಾದರೂ ಬರೆಯಬೇಕು, ನಿಜ ಹೇಳುತ್ತೇನೆ. ಮಹಬೂಬ್ ಬೀ ಅವತ್ತು ಹಂಡೆಯನ್ನು ತಿಕ್ಕಿದ ತಿಕ್ಕಿಗೆ ಹಂಡೆ ತೂತಾಗದೆ ಉಳಿದಿದ್ದೇ ಪುಣ್ಯ. ಸರಿ, ತೆಳುವಾದ ಬಟ್ಟೆಯಾದರೆ ಸಂದಿಯಲ್ಲಾದರೂ ನೋಡಬಹುದು ಅಂತ ಸಮಾಧಾನ ಮಾಡಿಕೊಂಡಳು.

ಹೊರಡುವ ಬೆಳಿಗ್ಗೆ ರೊಟ್ಟಿ ಬುತ್ತಿ ಹಿಡಿದು ಬೀದಿಗೆ ಬಂದು ನೋಡುತ್ತಾಳೆ, ದಪ್ಪ ನೀಲಿ ಬಟ್ಟೆ! ಎರಡು ಪಕ್ಕಕ್ಕೂ, ಹಿಂದಕ್ಕೂ. ಹಿಂದಿನ ಸೀಟಿಗೂ ಮುಂದಿನ ಸೀಟಿಗೂ ನಡುವೆ ಇನ್ನೊಂದು. ಅಂಚಿಗೆಲ್ಲ ನೆರಿಗೆ ಹಿಡಿದು ಮದುವೆ ಪಲ್ಲಕ್ಕಿ ಥರ ಹೊಲಿದಿದ್ದರು ಪುಣ್ಯಾತ್ಮರು. ಆಕೆ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಕಟ್ಟುವ ಲಾಡಿಗಳು ಒಳಗಿರಲಿಲ್ಲ, ಎಲ್ಲವೂ ಹೊರಗಡೆ. ಒಳಗೆ ಕೂತವರು ಬಿಚ್ಚಿಕೊಳ್ಳಬಾರದು ಅಂತ!

ಸಂತೆಗೆ ಹೊರಟ ಕೋಳಿಗೂ ಗೂಡಿನ ಸಂದಿಯಲ್ಲಿ ಒಂದಿಷ್ಟು ದಾರಿ ಕಾಣುತ್ತದೆ. ಆಕೆಯ ಮುಖ ಕೆಂಡವಾಯಿತು.

ಇಸಾಕ್ ಡ್ರಮ್ಮಿನ ಇದ್ದಿಲು ಕೆದಕುತ್ತಿದ್ದ. ಮಹಬೂಬ್ ಬೀ ನೆಟ್ಟಗೆ ನಡೆದು ಮುಂದಿನ ಬಾಗಿಲು ತೆಗೆದು ಗಂಡನ ಪಕ್ಕದ ಸೀಟಿನಲ್ಲಿ ಕೂತಳು. ಸೆರಗು ಸರಿಮಾಡಿಕೊಂಡಳು. ಮುಂದಿನ ಗಾಜಿಗೆ ಪರದೆ ಕಟ್ಟಿದರೆ ಗಾಡಿ ಓಡಿಸುವುದು ಹೇಗೆ? ಅದೊಂದು ಬಯಲಾಗಿಯೇ ಇತ್ತು.

"ಇಸಾಕ್, ಹಿಂದೆ ಕೂರಕ್ ಹೇಳು," ಅಂದರು ಕಬೀರ್ ಸಾಹೇಬರು.

ಆಗ ಮಹಬೂಬ್ ಬೀ ತಿರುಗಿದಳು. ಸುತ್ತ ಹಂಡೆಯೂ ಇರಲಿಲ್ಲ, ಗೋಡೆಯೂ ಇರಲಿಲ್ಲ. ಮದುವೆಯಾದಾಗಿನಿಂದ ಮೊದಲ ಸಲ ನೇರವಾಗಿ ಅವರಿಗೇ ಹೇಳಿದಳು.

"ಭಾಯಿಸಾಬ್, ಈ ಗಾಡಿ ವಾಲ್ವು ತಿಕ್ಕಿದ್ದು ನಾನು. ಸೆರಗು ನಂಗೈತೆ, ಗಾಡಿಗ್ಯಾಕೆ ಸೆರಗು? ನಾನ್ ಕೂತಿರೋದು ನನ್ ಗಂಡನ್ ಪಕ್ಕ. ಎದ್ದೇಳು ಅನ್ನಕ್ಕೆ ಯಾರಿಗ್ ಹಕ್ಕೈತೆ, ಹೇಳಿ. ಹೆಂಡದ್ ಸೀಮೆ ಕಣ್ಣಿಗ್ ಬೀಳ್ಬಾರ್ದು ಅಂದೋರು ನೀವು. ಪರದೆ ಹಿಂದೆ ನೀವೇ ಕೂತ್ಕೊಳಿ."

ಇಸಾಕನ ಕೈಯಿಂದ ಕೆದಕುಕೋಲು ಬಿತ್ತು. ಪಕ್ಕದ ಮನೆಯ ಬಾಗಿಲಲ್ಲಿ ಹೊಂಬಾಳಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಕಬೀರ್ ಸಾಹೇಬರು ತಮ್ಮನ ಮುಖ ನೋಡಿದರು. "ಆಗ್ಲಿ ಭಾಯಿ, ಅಂಗೇ ಆಗ್ಲಿ," ಅಂದ ಇಸಾಕ್, ಆ ಪದಕ್ಕೆ ಕೊನೆಗೂ ಒಂದು ಒಳ್ಳೆಯ ಉಪಯೋಗವಾಯಿತು. ಬೀದಿಯೆಲ್ಲ ನೋಡುತ್ತಿತ್ತು. ಜೊತೆಗೆ ಬರುತ್ತೇನೆ ಅಂದವರು ಉಳಿದರೆ ನಗೆಪಾಟಲು, ಪರದೆ ಬಿಚ್ಚಿದರೆ ಇನ್ನೂ ನಗೆಪಾಟಲು. ಹತ್ತಿ ಕೂತರು. ಮಹಬೂಬ್ ಬೀ ಇಳಿದು ಹೋಗಿ ಲಾಡಿಗಳನ್ನೆಲ್ಲ ಗಂಟು ಹಾಕಿ ಬಂದಳು.

ಗಾಡಿ ಎತ್ತಿನಗಾಡಿಯ ಜೊತೆ ಮಾತಾಡಿಕೊಂಡು ಹೋಗುವಷ್ಟು ಮೆಲ್ಲಗೆ ಹೊರಟಿತು. ನಾಲೆ ಕಂಡಿತು, ಎರಡು ದಂಡೆಯ ಕಬ್ಬು ಕಂಡಿತು. ಮಹಬೂಬ್ ಬೀ ಮುಂದಕ್ಕೆ ಬಾಗಿ ಗಾಜಿಗೆ ಮೂಗು ತಾಗಿಸಿ ನೋಡುತ್ತಿದ್ದಳು. ಹಿಂದೆ ಡ್ರಮ್ಮಿನ ಕಾವಿಗೆ ಕಬೀರ್ ಸಾಹೇಬರು ಆಗಾಗ ಕೆಮ್ಮುತ್ತಿದ್ದರು.

ಕಾಳಮುದ್ದನದೊಡ್ಡಿ ದಾಟಿ ಮರಿಸಿದ್ದಯ್ಯನ ತೋಪಿನಲ್ಲಿ ಗಾಡಿ ಆರಲು ನಿಂತಿತು. ಅಲ್ಲಿ ಹೆಂಡ ಇಳಿಸುವವರ ಮನೆಯ ಚಿಕ್ಕಬೋರಮ್ಮ ಗಾಡಿಯನ್ನು ಕಂಡಳು. ಇಸಾಕ್ ನೀರು ತರಲು ಬಾವಿಗೆ ಹೋಗಿದ್ದ, ಮಹಬೂಬ್ ಬೀ ಮರಗಳ ನಡುವೆ ಆಗಲೇ ದೂರ ಹೋಗಿದ್ದಳು. ನೀಲಿ ಪರದೆ, ಅಂಚಿಗೆ ನೆರಿಗೆ! ಗಂಡನ ಮನೆಗೆ ಹೊರಟ ಮದುವಣಗಿತ್ತಿಯಲ್ಲದೆ ಇನ್ನಾರು? ಬಾಗಿಲಿಗೆ ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುವುದುಂಟೇ? ಚಿಕ್ಕಬೋರಮ್ಮ ಒಂದು ಮೊಳ ಹೂವು, ಬಾಳೆಹಣ್ಣು ತಂದು ಗಂಟು ಬಿಚ್ಚಿ ಒಳಗೆ ಕೈ ಹಾಕಿದಳು.

"ತಕೊಳವ್ವ, ನಾಚ್ಕಬೇಡ. ಎಲ್ಲಿ, ತಲೆ ಬಗ್ಸು, ಮುಡುಸ್ತೀನಿ..."

ಕೈಗೆ ಗಡ್ಡ ಸಿಕ್ಕಿತು.

"ಅಯ್ಯಯ್ಯಪ್ಪೋ! ಎಣ್ಣಿಗೆ ಗಡ್ಡ ಕಣ್ರಪ್ಪೋ!"

ಮರದ ಮೇಲಿದ್ದವರು ಮಡಕೆ ಬಿಟ್ಟು ಇಳಿದು ಬಂದರು. ಕಬೀರ್ ಸಾಹೇಬರು ಬೆವರಿನಲ್ಲಿ ತೊಯ್ದು, ಇದ್ದಿಲು ಮಸಿಯಲ್ಲಿ ಮಿಂದು, ಕಿವಿಗೊಂದು ಹೂವಿನ ತುದಿ ಸಿಕ್ಕಿಸಿಕೊಂಡು ಹೊರಗೆ ಬಂದರು. ಸುತ್ತ ನಕ್ಕವರಲ್ಲಿ ಒಬ್ಬನೂ ಕುಡಿದಿರಲಿಲ್ಲ, ಬೆಳಗಿನ ಕೆಲಸದ ಹೊತ್ತು ಅದು.

"ಉಸ್ರು ಕಟ್ತದೆ ಒಳಗೆ," ಅಂದರು ಅವರು, ಯಾರನ್ನೂ ನೋಡದೆ. "ಒಂದೂ ಕಾಣಲ್ಲ."

"ಹೌದಾ ಭಾಯಿಸಾಬ್? ಒಂದೂ ಕಾಣಲ್ವಾ?" ಮಹಬೂಬ್ ಬೀ ಓಡಿ ಬಂದು ನಿಂತಿದ್ದಳು. ಆಕೆ ಮಾತ್ರ ನಗುತ್ತಿರಲಿಲ್ಲ. "ಅಲ್ನೋಡಿ. ಮರ. ಮಡ್ಕೆ. ಬಟ್ಟೆ ಒಣ್ಗಾಕವ್ರೆ, ಕೋಳಿ ಮೇಯ್ತಾವೆ. ಇದನ್ನಾ ನೀವು ನನ್ನಿಂದ ಬಚ್ಚಿಟ್ಟಿದ್ದು? ಇದ್ರಾಗೆ ಮುಚ್ಚಾಕೋ ಅಂತದ್ದು ಏನೈತೆ, ನೀವೇ ಹೇಳಿ!" ದೊಡ್ಡ ಪಾಪವನ್ನೇನೋ ಮುಚ್ಚಿಟ್ಟಿದ್ದಾರೆ ಅಂತ ತಿಳಿದಿದ್ದಳು ಪಾಪ. ಒಳಗಿದ್ದದ್ದು ಕೋಳಿ ಮೇಯುವ ಒಂದು ಅಂಗಳ.

ಕಬೀರ್ ಸಾಹೇಬರು ಕಿವಿಯ ಹೂವು ಕಿತ್ತು ಪಕ್ಕಕ್ಕಿಟ್ಟರು. ಆಮೇಲೆ ಜೇಬಿನಿಂದ ಕತ್ತರಿ ತೆಗೆದು ತಾವು ಹೊಲಿದದ್ದನ್ನು ತಾವೇ ಬಿಚ್ಚಿದರು. ಮಳವಳ್ಳಿಗೆ ಗಾಡಿ ನಾಲ್ಕೂ ಕಡೆ ಬಯಲಾಗಿ ಹೋಯಿತು, ಮಾರನೆಯ ದಿನ ಗಗನಚುಕ್ಕಿಗೂ ಹಾಗೇ. ಅವರು ತಪ್ಪಾಯಿತು ಅಂತ ಬಾಯಲ್ಲಿ ಅನ್ನಲಿಲ್ಲ. ಮಹಬೂಬ್ ಬೀ ಸಿಟ್ಟನ್ನೂ ಬಿಡಲಿಲ್ಲ. ಯಾಕೆ ಬಿಡಬೇಕು? ಹೋದ ವರ್ಷಗಳನ್ನು ಯಾವ ಕತ್ತರಿ ವಾಪಸ್ಸು ತರುತ್ತದೆ?

ಈಗ ಆಕೆ ಮೈಸೂರಿನ ಸವಾರಿ ಹೂಡುತ್ತಿದ್ದಾಳೆ, ಅದಕ್ಕೆ ತಕ್ಕ ಕೆಟ್ಟ ಮೋಟಾರು ಯಾವುದಾದರೂ ರಿಪೇರಿಗೆ ಬರಲಿ ಅಂತ ಕಾಯುತ್ತಿದ್ದಾಳೆ. ನಾನು ಎಷ್ಟು ಹೇಳಿದರೂ ಆಕೆಯ ಬಾಯಲ್ಲಿ ಕೇಳಿದ ಹಾಗಾಗುವುದಿಲ್ಲ. ಮದ್ದೂರಿನಲ್ಲಿ ಇಳಿದು ಮೆಕ್ಯಾನಿಕ್ ಇಸಾಕನ ಶೆಡ್ಡು ಎಲ್ಲಿ ಅಂತ ಕೇಳಿ, ಯಾರಾದರೂ ತೋರಿಸುತ್ತಾರೆ. ಹೆಂಗಸರಾದರೆ ನೇರ ಹಿತ್ತಲಿಗೇ ಹೋಗಿ, ಗಂಡಸರಾದರೆ ಬಾಗಿಲಲ್ಲಿ ಕೆಮ್ಮಿ ನಿಲ್ಲಿ. ಕೆಲಸದ ಮಧ್ಯೆ ಬಂದಿರಿ ಅಂತ ಬೈದಾಳು, ಬೈಸಿಕೊಳ್ಳಿ. ಆದರೆ ಈ ಸಲ ಆ ಕಡೆ ಹೋದಾಗ ಮಹಬೂಬ್ ಬೀಯನ್ನು ಕಾಣದೆ ಮಾತ್ರ ಬರಬೇಡಿ.